ಕಾರ್ಗಿಲ್ ವರದಿಗಳ ಹಿಂದೆ ಇದ್ದವರಿಗೆ

ಕಳೆದ ವಾರ ಪತ್ರಿಕೆಯ ಕೆಲಸದಿಂದ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಮಾತಾಡಿದ ಗೆಳೆಯರೆಲ್ಲ ಕಾರ್ಗಿಲ್ ವಿಷಯ ಎತ್ತಿದರು. 1999ರ ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ದ್ರಾಸ್ ಕಡೆಯಿಂದ ನಾನು ಕಳಿಸಿದ ವರದಿಗಳನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಾರೆ. ಆ ಪ್ರೀತಿಗೆ ನಮಸ್ಕಾರ. ಆದರೆ ಆ ವರದಿಗಳ ಮೇಲೆ ನನ್ನ ಒಬ್ಬನ ಹೆಸರಿತ್ತು, ಅವು ಓದುಗರ ಮನೆ ಮುಟ್ಟುವಂತೆ ಮಾಡಿದವರು ಬೇರೆ ತುಂಬಾ ಜನ. ಅವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳುವ ಅವಕಾಶ ಕೆಲಸದಲ್ಲಿದ್ದಾಗ ಸಿಗಲಿಲ್ಲ. ಇಲ್ಲಿ ಹೇಳುತ್ತೇನೆ.

ನನಗೆ ಹೋಗಲು ಮನಸ್ಸಿರಲಿಲ್ಲ. ನಾನು ಕೃಷಿ ಪುಟದವನು. ತೊಗರಿ ಬೆಲೆ, ಮುಂಗಾರು, ಬೀಜ ಗೊಬ್ಬರದ ಅಂಗಡಿ ಮುಂದಿನ ಸಾಲು, ಇವು ನನ್ನ ಸುದ್ದಿಗಳು. ಮಗಳು ಆಗಿನ್ನೂ ತೊದಲು ಮಾತಾಡುತ್ತಿದ್ದಳು. ಯುದ್ಧ ನೋಡಬೇಕು, ಬರೆಯಬೇಕು ಅನ್ನುವ ಆಸೆ ನನಗೆ ಒಂದು ದಿನವೂ ಇರಲಿಲ್ಲ. ಆದರೆ ನಮ್ಮ ಡೆಸ್ಕಿನಲ್ಲಿ ಉರ್ದು ಬರುತ್ತಿದ್ದದ್ದು ನನಗೆ ಮಾತ್ರ. ಸಂಪಾದಕರು ಕರೆದು ಕೂರಿಸಿ ಹೇಳಿದರು: “ಬೇಡ ಅನ್ನಿಸಿದರೆ ಬೇಡ ಅನ್ನಿ, ಯಾರೂ ಬೇಜಾರು ಮಾಡ್ಕೊಳಲ್ಲ. ಹೋದರೆ ಮಾತ್ರ ಜನರ ಜೊತೆ ಮಾತಾಡಿ ಬನ್ನಿ. ದೆಹಲಿಯ ಬ್ರೀಫಿಂಗ್ ಹೇಗಿದ್ದರೂ ಏಜೆನ್ಸಿಯವರು ಕಳಿಸ್ತಾರೆ.” ಅವರು ಈಗಿಲ್ಲ. ನಾನು ಅಲ್ಲಿ ಏನು ಮಾಡಬೇಕು ಅನ್ನುವುದು ಆ ಮಾತಿನಲ್ಲಿ ಪೂರ್ತಿ ಇತ್ತು.

ಉರ್ದು ಬಂದದ್ದು ಗುಲ್ಬರ್ಗದ ನಮ್ಮ ಓಣಿಯಿಂದ. ಪಕ್ಕದ ಮನೆಯ ಖಾಲಾ ತಮ್ಮ ಮಕ್ಕಳ ಜೊತೆ ನನ್ನನ್ನೂ ಬೈದು, ಉಣಿಸಿ ಬೆಳೆಸಿದರು. ಅವರಿಂದ ಕಲಿತ ನನ್ನ ದಖನಿ ಉರ್ದು ಕೇಳಿ ಕಾಶ್ಮೀರದ ಜನ ಮೊದಲು ನಗುತ್ತಿದ್ದರು, ಆಮೇಲೆ ಹತ್ತಿರ ಕೂರಿಸಿಕೊಂಡು ಮಾತಾಡುತ್ತಿದ್ದರು. ಖಾಲಾ, ನಿಮ್ಮ ಮಾತು ಎಲ್ಲಿಯವರೆಗೆ ನನ್ನನ್ನು ಕರೆದುಕೊಂಡು ಹೋಯಿತು ನೋಡಿ.

ಅತಿ ಹೆಚ್ಚು ಋಣ ಇರುವುದು ಡ್ರೈವರ್ ಸಾಹೇಬರದ್ದು. ಶ್ರೀನಗರ–ಲೇಹ್ ದಾರಿಯ ಕಂಗನ್ ಕಡೆಯವರು. ಬೇಸಿಗೆಯಲ್ಲಿ ಪ್ರವಾಸಿಗರನ್ನು ಲೇಹ್‌ಗೆ ಕರೆದೊಯ್ಯುವುದು ಅವರ ದುಡಿಮೆ. ಆ ವರ್ಷ ಯುದ್ಧ ಶುರುವಾಗಿ ಸೀಸನ್ನೇ ಇರಲಿಲ್ಲ. ಗಾಡಿ ಅವರ ಸ್ವಂತದ್ದು, ಸಾಲ ತೀರದ ಟಾಟಾ ಸುಮೋ. ಯುದ್ಧದಲ್ಲಿ ಗಾಡಿ ಹಾಳಾದರೆ ವಿಮೆ ಒಂದು ರೂಪಾಯಿ ಕೊಡುವುದಿಲ್ಲ. ಎಲ್ಲ ಗೊತ್ತಿದ್ದೂ ಬಂದರು. ಬಾಡಿಗೆ ಮಾತ್ರ ಪ್ರವಾಸಿಗರಿಗೆ ಹೇಳುವಷ್ಟೇ ಹೇಳಿದರು.

ಸೋನಾಮಾರ್ಗ್ ದಾಟಿದ ಮೇಲೆ ಜೋಜಿಲಾ. ಹನ್ನೊಂದೂವರೆ ಸಾವಿರ ಅಡಿ ಎತ್ತರದ ಕಣಿವೆ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುವೆ ಹಿಮ ಕರಗಿ ಕೆಸರಾದ ರಸ್ತೆ. ಸೇನೆಯ ಲಾರಿಗಳಿಗೆ ಮೊದಲ ದಾರಿ, ಉಳಿದವರು ಗಂಟೆಗಟ್ಟಲೆ ಕಾಯಬೇಕು. ಅದನ್ನು ಇಳಿದು ದ್ರಾಸ್ ಹತ್ತಿರ ಬಂದರೆ ಬೇರೆಯೇ ಕಷ್ಟ. ತೊಲೊಲಿಂಗ್ ಬೆಟ್ಟ ಹೆದ್ದಾರಿಯ ನೆತ್ತಿಯ ಮೇಲೇ ನಿಂತಿದೆ. ಆಗ ಮೇಲೆ ಕೂತಿದ್ದ ಪಾಕಿಸ್ತಾನದ ಕಡೆಯವರಿಗೆ ಕೆಳಗೆ ಹೋಗುವ ಪ್ರತಿ ವಾಹನ ಕಾಣುತ್ತಿತ್ತು. ಅವರು ನೋಡಿ ಹೇಳಿದ ಜಾಗಕ್ಕೆ ಗಡಿಯಾಚೆಯ ಫಿರಂಗಿಗಳು ಗುಂಡು ಹಾಕುತ್ತಿದ್ದವು. ಲೇಹ್‌ಗೆ ಸಾಮಾನು ಹೋಗುವ ಮುಖ್ಯ ದಾರಿ ಅದು, ಅದನ್ನು ಕತ್ತರಿಸುವುದೇ ಅವರ ಉದ್ದೇಶವಾಗಿತ್ತು. ಹಾಗಾಗಿ ಗಾಡಿಗಳು ಕತ್ತಲಾದ ಮೇಲೆ, ಹೆಡ್‌ಲೈಟ್ ಆರಿಸಿಕೊಂಡು ಓಡುತ್ತಿದ್ದವು.

ಡ್ರೈವರ್ ಸಾಹೇಬರಿಗೆ ಅಲ್ಲಿನ ತಿರುವುಗಳು ಬಾಯಿಪಾಠ. ಎಲ್ಲಿ ವೇಗ ಹೆಚ್ಚಿಸಬೇಕು, ಎಲ್ಲಿ ಬೆಟ್ಟದ ಗೋಡೆಗೆ ಒತ್ತಿ ನಿಲ್ಲಿಸಬೇಕು, ಗುಂಡು ಬಿದ್ದರೆ ಯಾವ ಕಡೆಯ ಬಾಗಿಲು ತೆಗೆದು ಇಳಿಯಬೇಕು, ಎಲ್ಲವನ್ನೂ ಮೊದಲೇ ಹೇಳಿಕೊಟ್ಟರು. ನಾನು ನಡುಗುತ್ತಿದ್ದದ್ದು ಅವರಿಗೆ ಕಾಣುತ್ತಿತ್ತು. ಧೈರ್ಯ ತಂದುಕೊಳ್ಳಿ ಅಂತ ಒಂದು ಸಲವೂ ಹೇಳಲಿಲ್ಲ. “ಹೆದರಿಕೆ ಇರಲಿ ಜನಾಬ್. ಹೆದರದ ಡ್ರೈವರು ಜೋಜಿಲಾದಲ್ಲಿ ಒಂದು ಸೀಸನ್ ಉಳಿಯಲ್ಲ” ಅಂದರು. ಅವತ್ತಿನಿಂದ ನನ್ನ ಹೆದರಿಕೆಯನ್ನು ಮುಚ್ಚಿಡುವ ಕೆಲಸ ತಪ್ಪಿತು. ಆ ಶಕ್ತಿ ನೋಡುವುದಕ್ಕೆ, ಕೇಳುವುದಕ್ಕೆ ಉಳಿಯಿತು.

ದ್ರಾಸ್ ಸುಮಾರು 10,800 ಅಡಿ ಎತ್ತರದ ಊರು. ಬಂದ ಮೊದಲ ದಿನ ತಲೆ ಸಿಡಿಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಸೇನೆಯ ಡಾಕ್ಟರೊಬ್ಬರು ಗಾಯಾಳುಗಳ ನಡುವೆಯೂ ಬಂದು ನಾಡಿ ಹಿಡಿದರು, ಅಲುಗಾಡದೆ ಮಲಗಿ ನೀರು ಕುಡಿಯಿರಿ ಅಂದರು. ಅವರಿಗೆ ನಾನು ಯಾರೂ ಅಲ್ಲ. ಅವರ ಮುಂದಿದ್ದ ಹುಡುಗರ ಸ್ಥಿತಿ ನೋಡಿದರೆ ನನ್ನದು ಕಾಯಿಲೆಯೇ ಅಲ್ಲ. ಆದರೂ ಬಂದರು.

ಬೋಫೋರ್ಸ್ ತೋಪುಗಳ ಬಗ್ಗೆ ಆಗ ಎಲ್ಲರೂ ಬರೆದರು. ಅದಕ್ಕೂ ಹತ್ತು ವರ್ಷ ಮುಂಚಿನಿಂದ ನಮ್ಮ ದೇಶದಲ್ಲಿ ಆ ಹೆಸರು ಕೇಳಿದರೆ ಹಗರಣ ನೆನಪಾಗುತ್ತಿತ್ತು. ಕಾರ್ಗಿಲ್‌ನಲ್ಲಿ ಅದರ ಕೆಲಸ ಕಂಡಿತು. ಶಿಖರಕ್ಕೆ ಕಾಲಾಳುಗಳು ಹತ್ತುವ ಮುಂಚೆ ತೋಪುಗಳು ಮೇಲಿನ ಬಂಕರುಗಳ ಮೇಲೆ ಗುಂಡು ಸುರಿಸುತ್ತಿದ್ದವು. ಆ ಯುದ್ಧದಲ್ಲಿ ನಮ್ಮ ಸೇನೆ ಹಾರಿಸಿದ ಶೆಲ್, ಬಾಂಬು, ರಾಕೆಟ್ ಎರಡೂವರೆ ಲಕ್ಷ. ಪ್ರತಿ ಶೆಲ್ಲನ್ನೂ ಹೊತ್ತವರು, ತುಂಬಿದವರು, ಕಿವಿ ಹಾಳುಮಾಡಿಕೊಂಡವರು ಮನುಷ್ಯರು ಅಲ್ವಾ. ರಸ್ತೆ ಬದಿಯ ಒಂದು ತೋಪಿನ ಹತ್ತಿರ ನಾನು ಫೋಟೊಗ್ರಾಫರ್ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಒಬ್ಬ ಹುಡುಗ ಓಡಿ ಬಂದ. ಬಿಜಾಪುರದ ಕಡೆಯವನು. ಯುದ್ಧದ ಒಂದು ಮಾತೂ ಇಲ್ಲ. “ಊರ ಕಡೆ ಮಳಿ ಆತೇನ್ರಿ ಸರ? ಬಿತ್ತಾಕ ಹತ್ಯಾರೇನ್ರಿ?” ಅಂತ ಕೇಳಿದ. ನಾನು ಕೃಷಿ ಪುಟದವನು, ಬರುವ ಮುಂಚೆ ಎಲ್ಲ ಜಿಲ್ಲೆಯ ಮಳೆ ಲೆಕ್ಕ ನೋಡಿದ್ದೆ. ಯಾವ ತಾಲ್ಲೂಕಿನಲ್ಲಿ ಹದ ಆಗಿದೆ, ಎಲ್ಲಿ ಇನ್ನೂ ಮೋಡ ಮುಂದೆ ಹೋಗುತ್ತಿದೆ, ಎಲ್ಲ ಹೇಳಿದೆ. ಅವನು ಕೂತು ಪೂರ್ತಿ ಕೇಳಿದ. ಅಲ್ಲಿಗೆ ಹೋದ ಮೇಲೆ ನಾನೂ ಯಾರಿಗಾದರೂ ಉಪಯೋಗಕ್ಕೆ ಬಂದೆ ಅನ್ನಿಸಿದ್ದು ಆಗಲೇ.

ಜೂನ್ 13ರ ಬೆಳಗ್ಗೆ ತೊಲೊಲಿಂಗ್ ನಮ್ಮ ಕೈಗೆ ಬಂತು. ಅದಕ್ಕೂ ಮೊದಲು 18 ಗ್ರೆನೇಡಿಯರ್ಸ್ ಅನ್ನುವ ಸೇನಾ ದಳದವರು ಅದೇ ಇಳಿಜಾರಿನಲ್ಲಿ ತುಂಬಾ ಜನರನ್ನು ಕಳೆದುಕೊಂಡಿದ್ದರು. ಕೊನೆಗೆ ಅದನ್ನು ಹಿಡಿದದ್ದು 2 ರಜಪೂತಾನಾ ರೈಫಲ್ಸ್. ಆ ದಳದ ಕಮಾಂಡರ್ ಎಂ.ಬಿ. ರವೀಂದ್ರನಾಥ್ ನಮ್ಮ ಕರ್ನಾಟಕದವರು. ಅವರಿಗೆ ವೀರಚಕ್ರ ಬಂತು, 2018ರಲ್ಲಿ ಅವರು ತೀರಿಕೊಂಡರು. ಯುದ್ಧದ ದಿಕ್ಕು ಬದಲಾದದ್ದು ಆ ಬೆಟ್ಟದಿಂದಲೇ. ಜುಲೈ 4ಕ್ಕೆ ಟೈಗರ್ ಹಿಲ್ ಸಿಕ್ಕಿತು. ಒಟ್ಟು 527 ಜನ ಯೋಧರು ಮರಳಲಿಲ್ಲ. ನನ್ನ ಬರಹಕ್ಕೆ ಸಿಕ್ಕ ಯಾವ ಮೆಚ್ಚುಗೆಯನ್ನು ನೆನೆದರೂ ಈ ಸಂಖ್ಯೆ ಮೊದಲು ಕಣ್ಣಮುಂದೆ ಬರುತ್ತದೆ.

ಪೇಪರುಗಳಲ್ಲಿ ಜಾಸ್ತಿ ಬರದೇ ಹೋದವರು ಅಲ್ಲಿಯ ಜನ. ನುಸುಳುಕೋರರ ಸುಳಿವನ್ನು ಮೊದಲು ಕೊಟ್ಟದ್ದೇ ಅಲ್ಲಿಯವರು. ಗರ್‌ಕೋನ್ ಹಳ್ಳಿಯ ತಾಶಿ ನಮ್‌ಗ್ಯಾಲ್ ಕಳೆದುಹೋದ ಯಾಕ್ ಹುಡುಕಿಕೊಂಡು ಹೋದವರು ಬಟಾಲಿಕ್ ಬೆಟ್ಟದ ಮೇಲೆ ಅಪರಿಚಿತರನ್ನು ಕಂಡು ಸೇನೆಗೆ ತಿಳಿಸಿದರು. ಆಮೇಲೆ ಮದ್ದುಗುಂಡು, ನೀರು, ಊಟವನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿದ್ದು ಸುತ್ತಲಿನ ಹಳ್ಳಿಯ ಗಂಡಸರು. ಸಮವಸ್ತ್ರ ಇಲ್ಲದೆ, ಮಾಮೂಲಿ ಬೂಟು ಹಾಕಿಕೊಂಡು, ರಾತ್ರಿ ಹೊತ್ತು.

ಕಾರ್ಗಿಲ್ ಪೇಟೆಯ ಮೇಲೂ ಶೆಲ್ ಬೀಳುತ್ತಿತ್ತು. ತುಂಬಾ ಮನೆಯವರು ಸುರು ನದಿಯ ಮೇಲಿನ ಕಣಿವೆಯ ಹಳ್ಳಿಗಳಿಗೆ, ನೆಂಟರ ಮನೆಗೆ ಹೋಗಿದ್ದರು. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವರು ಒಬ್ಬ ಶಾಲಾ ಮೇಷ್ಟ್ರು. ಹಿರಿಯರು ಅಲ್ಲಿಯ ಪುರ್ಗಿ ಭಾಷೆಯಲ್ಲಿ ಹೇಳಿದ್ದನ್ನು ನನಗೆ ಉರ್ದುವಿನಲ್ಲಿ ತಿಳಿಸುತ್ತಿದ್ದರು. “ಪೇಪರಿನವರು ಬೆಟ್ಟದ ತುದಿ ನೋಡ್ತೀರಿ, ಬುಡದಲ್ಲಿರೋ ನಮ್ಮನ್ನು ನೋಡಲ್ಲ” ಅಂದರು. ನಾನು ಕೃಷಿ ವರದಿಗಾರ ಅಂತ ಗೊತ್ತಾದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಬಾರ್ಲಿ ಹೊಲದ ವಿಷಯ ತೆಗೆದರು. ಅಲ್ಲಿ ಮಳೆ ಇಲ್ಲ ಅನ್ನುವಷ್ಟು ಕಡಿಮೆ. ಮೇಲಿನ ಹಿಮ ಕರಗಿದ ನೀರನ್ನು ಸಣ್ಣ ಕಾಲುವೆಯಲ್ಲಿ ತಂದು ಸರದಿ ಮೇಲೆ ಹೊಲಕ್ಕೆ ಬಿಡಬೇಕು. ವರ್ಷಕ್ಕೆ ಒಂದೇ ಬೆಳೆ. ಬಿತ್ತಿದ ಮೇಲೆ ಮನೆ ಬಿಟ್ಟು ಓಡಬೇಕಾಯಿತು, ನೀರು ಬಿಡುವವರಿಲ್ಲದೆ ಪೈರು ನಿಂತಲ್ಲೇ ಒಣಗುತ್ತಿತ್ತು. ಕೆಲವು ಗಂಡಸರು ಶೆಲ್ ನಿಂತ ಗಂಟೆ ನೋಡಿಕೊಂಡು ಹೋಗಿ, ನೀರು ತಿರುಗಿಸಿ ಬರುತ್ತಿದ್ದರು. ಒಂದು ಮಡಿ ಬಾರ್ಲಿಗಾಗಿ ಪ್ರಾಣ ಒಡ್ಡುವುದು. ಆ ಬೇಸಿಗೆಯಲ್ಲಿ ಬರೆದದ್ದರಲ್ಲಿ ನನಗೆ ಈಗಲೂ ಹತ್ತಿರವಾದದ್ದು ಈ ವರದಿ. ನನಗೆ ಗೊತ್ತಿದ್ದ ವಿಷಯದಿಂದಲೇ ಯುದ್ಧವನ್ನು ನೋಡಬಹುದು ಅಂತ ತೋರಿಸಿಕೊಟ್ಟವರು ಆ ಮೇಷ್ಟ್ರು. ನಮ್ಮ ಪತ್ರಿಕೆಗಳಲ್ಲಿ ಯುದ್ಧ ಅಂದರೆ ಇವತ್ತಿಗೂ ಬಂದೂಕು ಹಿಡಿದವರ ಕಥೆ ಮಾತ್ರ. ಅದು ಅರ್ಧ ಕಥೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಬರೆದದ್ದನ್ನು ಕಳಿಸುವುದು ಇನ್ನೊಂದು ಪಾಡು. ಜೋಜಿಲಾ ದಾಟಿ ವಾಪಸ್ ಕಾಶ್ಮೀರ ಕಣಿವೆಗೆ ಇಳಿದು ಎಸ್‌ಟಿಡಿ ಬೂತ್ ಹುಡುಕಬೇಕು. ಕನ್ನಡದ ಬರಹ, ಯಾರ ಕಂಪ್ಯೂಟರಿನಲ್ಲೂ ಅಕ್ಷರ ಇಲ್ಲ. ಬಾಯಲ್ಲಿ ಓದಿ ಹೇಳಬೇಕು. ಆಚೆ ಬೆಂಗಳೂರಿನಲ್ಲಿ ನಮ್ಮ ಉಪಸಂಪಾದಕರು ರಿಸೀವರನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಬರೆದುಕೊಳ್ಳುತ್ತಿದ್ದರು. ಲೈನ್ ಕಟ್ಟಾದರೆ ಮತ್ತೆ ಮಾಡುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ದೂರದ ಊರುಗಳಿಗೆ ಮೊದಲು ಅಚ್ಚಾಗುವ ಡಾಕ್ ಎಡಿಷನ್ ಹೊರಡುವ ಹೊತ್ತಾದರೂ ಪ್ರೆಸ್ಸಿನವರ ಜೊತೆ ಜಗಳ ಮಾಡಿ ಪುಟ ನಿಲ್ಲಿಸಿಕೊಂಡದ್ದಿದೆ. ಬೂತಿನ ಹುಡುಗ ಅಂಗಡಿ ಮುಚ್ಚುವ ಹೊತ್ತು ಮೀರಿದರೂ ಅರ್ಧ ಶಟರ್ ಎಳೆದು ಕಾಯುತ್ತಿದ್ದ, ಮೀಟರಿನಲ್ಲಿ ಬಿದ್ದದ್ದಕ್ಕಿಂತ ಹೆಚ್ಚು ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಆ ಉಪಸಂಪಾದಕರು ಇನ್ನೊಂದು ಕೆಲಸ ಮಾಡುತ್ತಿದ್ದರು. ವರದಿ ಬರೆದುಕೊಂಡ ಕೂಡಲೇ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ನನ್ನ ಹೆಂಡತಿಯನ್ನು ಕರೆಸಿ, “ಅಕ್ಕಾ, ಈಗ ತಾನೇ ಮಾತಾಡಿದರು, ಆರಾಮಿದ್ದಾರೆ” ಅಂತ ಹೇಳುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ನನಗೆ ಇದು ಗೊತ್ತಾದದ್ದೇ ಮನೆಗೆ ಬಂದ ಮೇಲೆ. ಹೆಂಡತಿಯ ಬಗ್ಗೆ ಇಲ್ಲಿ ಜಾಸ್ತಿ ಬರೆಯಬೇಡಿ ಅಂತ ಅವಳೇ ಹೇಳಿದ್ದಾಳೆ. ಹೋಗಬೇಡಿ ಅನ್ನುವ ಹಕ್ಕು ಅವಳಿಗಿತ್ತು. ಅನ್ನಲಿಲ್ಲ. ಇಷ್ಟನ್ನಾದರೂ ಬರೆಯುತ್ತೇನೆ.

ವಾಪಸ್ ಬಂದ ಮೇಲೆ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಗೆ ಹೋದೆ. ಮಗನನ್ನು ಕಳೆದುಕೊಂಡ ಮನೆ. ಏನು ಕೇಳುವುದು ಅಂತ ನನಗೆ ತಿಳಿಯಲಿಲ್ಲ, ನೋಟ್‌ಬುಕ್ ಜೇಬಿನಲ್ಲೇ ಇತ್ತು. ತಂದೆಯೇ ಶುರು ಮಾಡಿದರು. “ನೀವು ಅಲ್ಲಿ ಹೋಗಿ ಬಂದೀರಂತ. ಥಂಡಿ ಎಷ್ಟಿರ್ತದರೀ? ಗಿಡ ಮರ ಅದಾವೇನು? ನೀರು ಹೆಂಗ್ರೀ ಅಲ್ಲಿ?” ದೊಡ್ಡವರೆಲ್ಲ ಬಂದು ಹಾರ ಹಾಕಿ ಹೋಗಿದ್ದರು, ಮಗ ಇದ್ದ ಜಾಗ ಹೇಗಿತ್ತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕಾಲುವೆ, ಬಾರ್ಲಿ, ಬೋಳು ಬೆಟ್ಟ, ರಾತ್ರಿಯ ಚಳಿ, ಎಲ್ಲ ಹೇಳಿದೆ. ತಾಯಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಸಂಜೆ ಊಟ ಮಾಡದೆ ಬಿಡಲಿಲ್ಲ. ಆ ಮಧ್ಯಾಹ್ನದ ಬಗ್ಗೆ ನಾನು ಪತ್ರಿಕೆಗೆ ಏನೂ ಬರೆಯಲಿಲ್ಲ. ಹೋಗಿ ಬಂದದ್ದು ಸರಿಯಾಯಿತು ಅಂತ ನನಗೆ ತಿಳಿಸಿಕೊಟ್ಟವರು ಆ ಇಬ್ಬರು. ಅವರಿಗೆ ಕೈ ಮುಗಿಯುತ್ತೇನೆ.

ಬರುವ ಸೆಪ್ಟೆಂಬರ್‌ನಲ್ಲಿ ದ್ರಾಸ್‌ಗೆ ಹೊರಟಿದ್ದೇನೆ, ಈ ಸಲ ಹೆಂಡತಿ, ಮಗಳ ಜೊತೆ. ಡ್ರೈವರ್ ಸಾಹೇಬರಿಗೆ ವಯಸ್ಸಾಗಿದೆ, ಮಗ ಅದೇ ದಾರಿಯಲ್ಲಿ ಗಾಡಿ ಓಡಿಸುತ್ತಾನೆ. ಅವನ ಗಾಡಿಯಲ್ಲೇ ಹೋಗುವುದು ಅಂತ ಮಾತಾಗಿದೆ. ಬಿಜಾಪುರದ ಆ ಗನ್ನರ್ ಹುಡುಗನ ಊರು ಮಾತ್ರ ಇನ್ನೂ ಸಿಕ್ಕಿಲ್ಲ. ಈಗ ಅವರಿಗೂ ಐವತ್ತರ ಹತ್ತಿರ ಇರಬೇಕು, ಬಹುಶಃ ಹೊಲ ನೋಡಿಕೊಂಡಿರಬಹುದು. 1999ರ ಜೂನ್‌ನಲ್ಲಿ ದ್ರಾಸ್ ರಸ್ತೆಯ ತೋಪಿನ ಹತ್ತಿರ ಪತ್ರಿಕೆಯವನೊಬ್ಬನಿಗೆ ಊರಿನ ಮಳೆ ಕೇಳಿದ್ದು ನಾನೇ ಅಂತ ನಿಮ್ಮ ಕಡೆ ಯಾರಾದರೂ ಹೇಳಿದ್ದು ಗೊತ್ತಿದ್ದರೆ, ದಯವಿಟ್ಟು ನನಗೆ ತಿಳಿಸಿ. ಹೋಗಿ ಭೇಟಿಯಾಗಬೇಕು.