ಸ್ಟೆಂಟ್ ಹಾಕಿದ ನಂತರದ ಹೃದಯದ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯದಾದ್ಯಂತ ಸುದ್ದಿಯಾದಾಗ, ಗಾಬರಿಗೊಂಡ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಇಸಿಜಿ, ಆಂಜಿಯೋಗ್ರಾಂ, ಸ್ಟೆಂಟ್‌ಗಳ ವಿಚಾರ ಪತ್ರಿಕೆಗಳಲ್ಲಿ ಸಾಕಷ್ಟು ಬಂತು. ಆದರೆ ಆಘಾತದಿಂದ ಪಾರಾಗಿ ಮನೆಗೆ ಮರಳಿದವರ ಹೃದಯದೊಳಗೆ ಮುಂದಿನ ವಾರಗಳಲ್ಲಿ ಏನು ನಡೆಯುತ್ತದೆಂಬುದನ್ನು ಯಾರೂ ವಿವರವಾಗಿ ಹೇಳಿದಂತೆ ಕಾಣಲಿಲ್ಲ.

ರಕ್ತ ತಲುಪದೆ ಸತ್ತ ಸ್ನಾಯುವಿನ ಅಂಚಿನಲ್ಲಿ, ಆಮ್ಲಜನಕದ ಕೊರತೆ ಅನುಭವಿಸುವ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ ಹೊಸ ಲೋಮನಾಳಗಳು (ಅತಿ ಸೂಕ್ಷ್ಮ ರಕ್ತನಾಳಗಳು) ಚಿಗುರುವಂತೆ ಮಾಡುತ್ತವೆ. ಅದೇ ಹೊತ್ತಿಗೆ ಹೃದಯದ ಸಂವೇದನಾ ನರಗಳು ಗಾಯಗೊಂಡ ಭಾಗದ ರಾಸಾಯನಿಕಗಳನ್ನು ಗ್ರಹಿಸಿ ಮೆದುಳುಬಳ್ಳಿಗೆ ಸುದ್ದಿ ಮುಟ್ಟಿಸುತ್ತವೆ. ಅದಕ್ಕೆ ಪರಾವರ್ತಿತ ಪ್ರತಿಕ್ರಿಯೆಯಾಗಿ ಅಪಾಯದ ಹೊತ್ತಿನಲ್ಲಿ ದೇಹವನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಕೆರಳಿ, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸ್ರವಿಸಿ, ಹೃದಯ ಬಡಿತವನ್ನು ಏರಿಸುತ್ತವೆ. ಮೊದಲ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯದಂತೆ ಕಾಯುವ ಈ ವ್ಯವಸ್ಥೆ ವಾರಗಟ್ಟಲೆ ಮುಂದುವರಿದರೆ ಹೃದಯಕ್ಕೇ ಹೊರೆಯಾಗುತ್ತದೆ. ದೇಹಕ್ಕೆ ರಕ್ತವನ್ನು ತಳ್ಳುವ ಎಡ ಹೃತ್ಕುಕ್ಷಿಯ (ಹೃದಯದ ಎಡ ಕೆಳಕೋಣೆಯ) ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಅದು ಸಡಿಲಗೊಂಡಿರುವಾಗ. ಬಡಿತ ಹೆಚ್ಚಿದಷ್ಟೂ ಆ ಅವಧಿ ಕಿರಿದಾಗುತ್ತದೆ. ಮೊಲ ಮತ್ತು ಹಂದಿಗಳ ಹೃದಯ ಬಡಿತವನ್ನು ದೀರ್ಘಕಾಲ ನಿಧಾನಗೊಳಿಸಿದ ಪ್ರಯೋಗಗಳಲ್ಲಿ ಲೋಮನಾಳಗಳು ಹೆಚ್ಚು ಬೆಳೆದದ್ದು ಕಂಡುಬಂದಿದೆ. ಹಾಗೆಂದು ಸಿಂಪಥೆಟಿಕ್ ನರಗಳನ್ನು ಕೇವಲ ಹಾನಿಕರವೆನ್ನಲಾಗದು, ಏಕೆಂದರೆ ಅವೇ ಸ್ರವಿಸುವ ನ್ಯೂರೋಪೆಪ್ಟೈಡ್ ವೈ ಎಂಬ ರಾಸಾಯನಿಕ ರಕ್ತನಾಳಗಳ ಬೆಳವಣಿಗೆಗೆ ನೆರವಾಗುತ್ತದೆ. ನನಗೆ ಈ ವಿಷಯ ಇಷ್ಟು ಮಹತ್ವದ್ದೆನಿಸುವುದು ಈ ಎರಡು ಮುಖಗಳಿಂದಲೇ.

ಬಡಿತವನ್ನು ತಗ್ಗಿಸುವ ವೇಗಸ್ ನರವನ್ನು ಪ್ರಚೋದಿಸಿ ಜಪಾನಿನ ಸಂಶೋಧಕರು 2004ರಲ್ಲಿ ಹೃದಯ ವೈಫಲ್ಯವಿದ್ದ ಇಲಿಗಳು ಹೆಚ್ಚು ಕಾಲ ಬದುಕುವುದನ್ನು ತೋರಿಸಿದರು. ದೇಹದೊಳಗೆ ಅಳವಡಿಸಿದ ಯಂತ್ರದಿಂದ ಇದೇ ನರವನ್ನು ಪ್ರಚೋದಿಸಿದ, 2016ರಲ್ಲಿ ಪ್ರಕಟವಾದ ಇನೋವೇಟ್-ಎಚ್‌ಎಫ್ ಅಧ್ಯಯನದಲ್ಲಿ ಮನುಷ್ಯರಿಗೆ ಅಂಥ ಲಾಭ ಕಾಣಲಿಲ್ಲ. ಆದರೆ ವೈದ್ಯರ ಮೇಲ್ವಿಚಾರಣೆಯ ಕ್ರಮಬದ್ಧ ವ್ಯಾಯಾಮ ಯಾವ ಯಂತ್ರವನ್ನೂ ಬೇಡುವುದಿಲ್ಲ; ಅದು ವಿಶ್ರಾಂತಿಯಲ್ಲಿನ ನಾಡಿಬಡಿತವನ್ನು ಇಳಿಸುತ್ತದೆ, ಹೃದ್ರೋಗದ ಸಾವುಗಳನ್ನೂ ತಗ್ಗಿಸುತ್ತದೆ. ಎದೆನೋವು ಹೋಯಿತೆಂದು ಸಿಂಪಥೆಟಿಕ್ ನರಗಳ ಪ್ರಭಾವವನ್ನು ಅದುಮುವ ಬೀಟಾ ಬ್ಲಾಕರ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರು ನಮ್ಮ ಊರುಗಳಲ್ಲಿದ್ದಾರೆ. ಹಾಗೆ ಹಠಾತ್ತನೆ ನಿಲ್ಲಿಸಿದಾಗ ಅದುಮಿಟ್ಟಿದ್ದ ನರಗಳ ಪ್ರಭಾವ ಒಮ್ಮೆಲೇ ಮರುಕಳಿಸಿ ಅಪಾಯವಾಗಬಹುದೆಂದು ಅವರಿಗೆ ಕನ್ನಡದಲ್ಲಿ ತಿಳಿಹೇಳುವವರು ಬೇಕು.

ಸಕಲೇಶಪುರ, ಅರಕಲಗೂಡಿನಂಥ ಕಡೆಯ ರೋಗಿಗಳು ಇದಕ್ಕಾಗಿ ಮೈಸೂರು, ಬೆಂಗಳೂರಿಗೆ ಅಲೆಯದಂತೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಹೃದಯಾಘಾತದ ನಂತರದ ವ್ಯಾಯಾಮ ಹಾಗೂ ಸಲಹೆಯ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಆರಂಭಿಸಬೇಕು. ತಜ್ಞರಿಂದ ಈ ಕುರಿತು ಲೇಖನಗಳನ್ನು ಬರೆಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಹಾಸನ