ಕೆಲಸ ಕಲಿತ ಹುಡುಗರನ್ನ ಕಳಿಸಿ ಉಳಿಸೋದೇನು?

ಸಂಪಾದಕರಿಗೆ ನಮಸ್ಕಾರ,

ನಾನು ಪೀಣ್ಯದ ಒಂದು ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮ್ ಮೇಲೆ ಲೋಹ ಕತ್ತರಿಸೋ ಮಿಷಿನ್) ಶಾಪಲ್ಲಿ ಸೂಪರ್‌ವೈಸರ್. ಕೆಲಸಕ್ಕೆ ಜನ ಸಿಗ್ತಿಲ್ಲ ಅಂತ ಮಾಲೀಕರು ಹೇಳೋದನ್ನ ಪೇಪರಲ್ಲಿ ಆಗಾಗ ಓದ್ತೀನಿ. ಸಿಗ್ತಾರೆ ಸ್ವಾಮಿ, ಸಿಕ್ಕೋರನ್ನ ನಾವೇ ಕಳಿಸ್ತೀವಿ.

ಹೋದ ವರ್ಷ ಆರ್ಡರ್ ಕಮ್ಮಿ ಆಯ್ತು ಅಂತ ಕಂಟ್ರಾಕ್ಟ್ ಮೇಲಿದ್ದ ಒಂಬತ್ತು ಹುಡುಗರಿಗೆ ನಾಳೆಯಿಂದ ಬರ್ಬೇಡಿ ಅಂದ್ರು. ಅದರಲ್ಲಿ ರಾಯಚೂರಿನವನೊಬ್ಬ, ಟೂಲ್ ಸವೆದಿದ್ದನ್ನ ಸದ್ದು ಕೇಳೇ ಹೇಳೋನು. ನಾಲ್ಕು ತಿಂಗಳಿಗೆ ಆರ್ಡರ್ ಮತ್ತೆ ಬರೋಕೆ ಶುರುವಾಯ್ತು, ಫೋನ್ ಮಾಡಿದ್ರೆ ಅವನು ಊಟದ ಡೆಲಿವರಿ ಗಾಡಿ ಓಡಿಸ್ತಿದೀನಿ ಸಾರ್, ಬರಲ್ಲ ಅಂದ. ಹೊಸಬರು ಬಂದ್ರು, ಆಫ್‌ಸೆಟ್ (ಟೂಲಿನ ಅಳತೆ ಹೊಂದಿಸೋ ಅಂಕಿ) ತಪ್ಪು ಹಾಕೋದು, ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸೋ ತುಂಡು) ಮುರಿಯೋದು, ಮೊದಲ ತಿಂಗಳು ರಿಜೆಕ್ಷನ್ ಬಿನ್ ತುಂಬಿ ಚೆಲ್ತಿತ್ತು. ಅದಾದ್ರೂ ಲೆಕ್ಕಕ್ಕೆ ಸಿಗುತ್ತೆ, ಆದ್ರೆ ಇವರಿಗೆ ಹೇಳ್ಕೊಡೋಕೆ ನಮ್ಮ ಒಳ್ಳೇ ಆಪರೇಟರ್ ಹೋಗಿ ನಿಂತಾಗ ಅವನ ಮಿಷಿನ್ ಸುಮ್ನಿರುತ್ತಲ್ಲ, ಅದನ್ನ ಯಾರೂ ಬರೆಯಲ್ಲ. ಕೈ ಕುದುರೋಕೆ ಮೂರು ತಿಂಗಳು ಬೇಕು, ಅಷ್ಟೊತ್ತಿಗೆ ಆ ಆರ್ಡರೇ ಮುಗಿದಿರುತ್ತೆ.

1936ರಲ್ಲೇ ಟಿ.ಪಿ. ರೈಟ್ ಅನ್ನೋ ಎಂಜಿನಿಯರ್ ವಿಮಾನ ಕಟ್ಟೋ ಖರ್ಚು ನೋಡಿ ಬರೆದಿದ್ರು, ಕಟ್ಟಿದ ಒಟ್ಟು ಸಂಖ್ಯೆ ಡಬಲ್ ಆದಾಗೆಲ್ಲ ಒಂದೊಂದಕ್ಕೆ ಬೀಳೋ ಸರಾಸರಿ ಕೂಲಿ ಖರ್ಚು ಶೇ 20ರಷ್ಟು ಇಳಿಯುತ್ತೆ ಅಂತ. (ನಮ್ಮಲ್ಲಿ ಅಷ್ಟು ಇಳಿಯಲ್ಲ, ಕಟಿಂಗ್ ಟೈಮ್ ಮಿಷಿನ್ ಕೈಲಿದೆ, ಆದ್ರೆ ಸೆಟ್ಟಿಂಗಲ್ಲಿ, ಅಂದ್ರೆ ಹೊಸ ಕೆಲಸಕ್ಕೆ ಮಿಷಿನ್ ಸಜ್ಜು ಮಾಡೋದ್ರಲ್ಲಿ, ಕಣ್ಣಿಗೇ ಕಾಣುತ್ತೆ.) ಆ ಉಳಿತಾಯ ಕೆಲಸ ಕಲಿತ ಹುಡುಗನ ಕೈಯಲ್ಲಿರೋದು, ಅವನ ಜೊತೆಗೇ ಗೇಟ್ ದಾಟಿ ಹೋಗುತ್ತೆ.

ಮಾಲೀಕರದ್ದೂ ಕಷ್ಟಾನೇ, ಕಸ್ಟಮರ್ ಕೊಡೋ ಫೋರ್‌ಕಾಸ್ಟ್ ತಿಂಗಳಿಗೊಂದ್ಸಲ ಬದಲಾಗುತ್ತೆ, ಮೇಲೆ ಮಿಷಿನ್ ಇಎಂಐ ಬೇರೆ. ಎಲ್ಲರನ್ನೂ ಇಟ್ಕೊಳ್ಳಿ ಅಂತ ನಾನೂ ಹೇಳಲ್ಲ. ಪ್ಯಾಕಿಂಗ್, ಡಿಬರಿಂಗ್ (ಅಂಚಿನ ಚೂಪು ಉಜ್ಜಿ ತೆಗೆಯೋದು) ಎರಡು ದಿನದಲ್ಲಿ ಕಲಿಯೋ ಕೆಲಸ, ಅದಕ್ಕೆ ಕಂಟ್ರಾಕ್ಟ್ ಆಗ್ಲಿ. ಸೆಟ್ಟಿಂಗ್ ಕಲಿತೋರನ್ನ ಮಾತ್ರ ಬಿಡ್ಬೇಡಿ, ಡಲ್ ಇದ್ದಾಗ ಟರ್ನಿಂಗ್ ಮಿಷಿನ್ ಹುಡುಗನಿಗೆ ಮಿಲ್ಲಿಂಗ್ ಮಿಷಿನ್, ಇನ್‌ಸ್ಪೆಕ್ಷನ್ ಕಲಿಸಿ, ಆರ್ಡರ್ ಜಾಸ್ತಿ ಆದಾಗ ಅವರಿಗೇ ಓಟಿ ಕೊಡಿ. ಓಟಿಗೆ ಕಾನೂನು ಪ್ರಕಾರ ಡಬಲ್ ಕೂಲಿ ಅಂತ ಹಿಂದೇಟು ಹಾಕ್ತಾರೆ, ಸ್ಕ್ರಾಪ್ ಲೆಕ್ಕ ಒಂದ್ಸಲ ಪಕ್ಕದಲ್ಲಿಟ್ಟು ನೋಡ್ಲಿ.

ನಮ್ಮಲ್ಲಿ ಮುಂದಿನ ತಿಂಗಳು ಮತ್ತೆ ಆರು ಜನ ಹೊಸಬರು ಬರ್ತಿದಾರಂತೆ, ಟ್ರೈನಿಂಗ್ ಕೊಡೋಕೆ ನನ್ನ ಹೆಸರೇ ಬರೆದಿದಾರೆ.

ಇಂತಿ,
ಒಬ್ಬ ಸೂಪರ್‌ವೈಸರ್, ಪೀಣ್ಯ, ಬೆಂಗಳೂರು