ಗೋರಿಗೆ ಆಸಿಡ್, ಚರಿತ್ರೆಗೆ ಸಿಮೆಂಟು

ಮಾನ್ಯರೇ,

ಬೆಂಗಳೂರಿನ ದಂಡು ಪ್ರದೇಶದ ಹಳೆಯ ಸ್ಮಶಾನ ‘ಹೊಸ ರೂಪ’ ಪಡೆದಿದೆ ಎಂದು ಫೋಟೊ ಸಮೇತ ಬಂದ ಸುದ್ದಿ ನಂಬಿ ಹೋದವರಿಗೆ ಸಿಗುವುದು ಬೀಗ. ಕೀಲಿ ಕಾವಲುಗಾರನ ಹತ್ತಿರ, ಕಾವಲುಗಾರ ಊಟಕ್ಕೆ, ಸಮಾಧಿಗಳ ರಿಜಿಸ್ಟರು ಇನ್ನೆಲ್ಲೋ ಒಂದು ಕಚೇರಿಯಲ್ಲಿ. ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು, ಶನಿವಾರ ರಜೆ. ಗೇಟಿನ ಮುಂದಿನ ಚರಂಡಿ ದಾಟುವುದಂತೂ ಬೇರೆಯೇ ಸರ್ಕಸ್ಸು. ಒಳಗೆ ಬಿಟ್ಟ ಮೇಲೆ ಅನ್ನಿಸುತ್ತದೆ, ಬಿಡದಿದ್ದರೇ ಚೆನ್ನಾಗಿತ್ತು.

ಅಮೃತಶಿಲೆಯ ಫಲಕಗಳನ್ನು ಆಸಿಡ್ ಸುರಿದು ತೊಳೆದಿದ್ದಾರೆ. ಅಮೃತಶಿಲೆಯೂ ಸುಣ್ಣದ ಕಲ್ಲಿನ ಜಾತಿಯೇ. ನೊರೆಯಾಗಿ ಹೋಗುವುದು ಬರೀ ಕೊಳೆಯಲ್ಲ, ಕಲ್ಲು. ವಿಕ್ಟೋರಿಯಾ ಕಾಲದ ಎಷ್ಟೋ ಫಲಕಗಳಲ್ಲಿ ಅಕ್ಷರ ಸೀಸದ್ದು, ಕಲ್ಲಿಗೆ ಸಣ್ಣ ತೂತು ಕೊರೆದು ಬಡಿದು ಕೂರಿಸಿದ್ದು. ಸುತ್ತಲ ಕಲ್ಲು ಕರಗಿದರೆ ಅಕ್ಷರ ಉದುರುತ್ತದೆ. ಉದುರಿದ ಮೇಲೂ ತೂತುಗಳ ಸಾಲು ನೋಡಿ ಹೆಸರು ಓದಬಹುದು. ಆ ತೂತಿಗೂ ಬಿಳಿ ಸಿಮೆಂಟು ಮೆತ್ತಿ ‘ನೀಟ್’ ಮಾಡಿದ್ದಾರೆ! ನೀರು, ಮೆತ್ತನೆಯ ಬ್ರಷ್ಷು ಸಾಕಿತ್ತು.

ಇಟ್ಟಿಗೆ ಗೋರಿಗಳಿಗೂ ಸಿಮೆಂಟೇ. ಒಳಗಿರುವುದು ಸುಣ್ಣದ ಗಾರೆ; ನೆಲದಿಂದ ಏರಿದ ತೇವ ಸಿಮೆಂಟು ದಾಟಲಾರದೆ ಒಳಗೇ ಉಪ್ಪು ಕಟ್ಟಿ ಇಟ್ಟಿಗೆ ಪುಡಿಯಾಗುತ್ತದೆ. ಅರಳಿಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಮೇಲೆ ಒದ್ದೆ ಗೋಣಿ ಹೊದಿಸಿ ನಿಧಾನ ಒಣಗಿಸಬೇಕು. ನಿಧಾನ ಅಂದರೆ ಮಾರ್ಚ್ ಒಳಗೆ ಬಿಲ್ಲು ಆಗುವುದಿಲ್ಲವಲ್ಲ.

ಇನ್ನು ಹೊಸ ಬೋರ್ಡು. ‘ಟಿಪ್ಪು ವಿರುದ್ಧದ ಯುದ್ಧದಲ್ಲಿ ಮಡಿದವರು’ ಇಲ್ಲಿದ್ದಾರಂತೆ. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷರನ್ನು ಹೂತದ್ದು ಕೋಟೆಯ ಹತ್ತಿರ. ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಅಲ್ಲಿನ ಮಲೇರಿಯಾ ತಾಳಲಾರದೆ ಸೈನ್ಯ ಹಲಸೂರಿನ ಮಗ್ಗುಲಲ್ಲಿ ದಂಡು ಹೂಡಿದ್ದು 1809ರಲ್ಲಿ. ಹತ್ತು ವರ್ಷ ಹೆಣ ಇಟ್ಟುಕೊಂಡು ಕಾದರೇ? ಅಳಿದುಳಿದ ಫಲಕ ಓದಿದರೆ ಕಾಣುವುದು ಕಾಲರಾ, ಜ್ವರ, ಹೆರಿಗೆಯಲ್ಲಿ ಹೋದವರು, ವರ್ಷ ತುಂಬದ ಕೂಸುಗಳು.

‘ಕಬ್ಬನ್ ಸಾಹೇಬರ ಸಮಾಧಿ’ಯೂ ಇದೆಯಂತೆ! ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡವರು. 2020ರಲ್ಲಿ ಪ್ರತಿಮೆ ಹೈಕೋರ್ಟ್ ಆವರಣದಿಂದ ಪಾರ್ಕಿಗೆ ಹೋಯಿತೆಂದು ಸಮಾಧಿಯೂ ಅಲೆಯುತ್ತದೆಯೇ? ದಂಡಿನ ಜೊತೆ ಮದರಾಸು ಸೀಮೆಯಿಂದ ಬಂದು ಊರು ಕಟ್ಟಿದ ಸಿಪಾಯಿಗಳು, ಅಡುಗೆಯವರು, ಗುತ್ತಿಗೆದಾರರ ಬಗ್ಗೆ ಒಂದಕ್ಷರವಿಲ್ಲ. 1873ರಲ್ಲಿ ಶಾಲೆ ತೆರೆದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಹೆಸರನ್ನಾದರೂ ಹಾಕಬಾರದಿತ್ತೇ?

1791ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷರ ನೆನಪಿನ ಕಂಬ ಸೆನೊಟಾಫನ್ನು 1964ರಲ್ಲಿ ಕೆಡವಿದರು. ಅದರ ಹೆಸರಿನ ರಸ್ತೆ ಈಗ ನೃಪತುಂಗ ರಸ್ತೆ. ಕೆಡವಿದ್ದರಲ್ಲಿ ಒಂದು ನಿಲುವಾದರೂ ಇತ್ತು. ಈಗಿನದು ಬರೀ ಟೆಂಡರು. ಫುಟ್‌ಪಾತಿನ ಚಪ್ಪಡಿ ಕಿತ್ತು ಟೈಲ್ಸ್, ಟೈಲ್ಸ್ ಕಿತ್ತು ಮತ್ತೆ ಚಪ್ಪಡಿ ಹಾಕುವ ಬುದ್ಧಿಯೇ ಇಲ್ಲೂ ಓಡಿದೆ.

ಆಸಿಡ್, ಸಿಮೆಂಟಿನ ಈ ಕೆಲಸ ಕೂಡಲೇ ನಿಲ್ಲಿಸಬೇಕು. ಅರ್ಧಕ್ಕೆ ಬಿಟ್ಟಿರುವ ಹಿಂಭಾಗವನ್ನು ನೀರು, ಬ್ರಷ್ಷು, ಸುಣ್ಣದ ಗಾರೆಯಲ್ಲೇ ಮುಗಿಸಬೇಕು. ಬೋರ್ಡು ತಿದ್ದಲಿ, ಇಲ್ಲವೇ ಕಿತ್ತು ಆ ಚರಂಡಿಯ ಮೇಲಾದರೂ ಹಾಸಲಿ.

— ಓದುಗ, ಹಲಸೂರು